ದೊಡ್ಡವ್ವನ ಜಪಾನಿ ಅರಿವೆ

ಜಮಖಂಡಿ, ಮುಧೋಳ, ಸಾಂಗಲಿ, ಮೂರೂ ಸಂಸ್ಥಾನಗಳನ್ನು ಜಾಲಾಡಿದರೂ ಆಹೇರಿನ ಉಡುಗೊರೆ ಕೊಟ್ಟು, ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಅದರಲ್ಲಿ ಅರ್ಧವನ್ನು ವಾಪಸು ಕೇಳುವ ಹೆಂಗಸು ನಿಮಗೆ ಒಬ್ಬಳೇ ಸಿಕ್ಕಾಳು. ಆಕೆ ನನ್ನ ದೊಡ್ಡವ್ವ! ತಾಯಿಯಿಲ್ಲದ ನನ್ನನ್ನು ರಬಕವಿಯಲ್ಲಿ ಸಾಕಿದವಳು. ಹಾಗಾಗಿ ಆಕೆಯ ಹುಚ್ಚಾಟಕ್ಕೆಲ್ಲ ನಾನೇ ಸಾಕ್ಷಿ.

ಎಲ್ಲಕ್ಕೂ ಮೂಲ ಒಂದು ಜಪಾನಿ ಅರಿವೆ. ನೂಲಿನ ವ್ಯಾಪಾರಿಯಾದ ದೊಡ್ಡಪ್ಪನಿಗೆ ಮುಂಬಯಿಯಲ್ಲಿ ಒಬ್ಬ ಜಪಾನಿ ಸಾಹುಕಾರ ಚಹಾದ ಬಟ್ಟಲುಗಳನ್ನು ಅದರಲ್ಲಿ ಕಟ್ಟಿಕೊಟ್ಟಿದ್ದನಂತೆ. ಚೌಕನೆಯ ರೇಷ್ಮೆ, ನೇರಳೆ ಬಣ್ಣ, ಮೈತುಂಬ ಬಿಳಿ ಹೂವು. ಬಟ್ಟಲುಗಳು ದಾರಿಯಲ್ಲೇ ಒಡೆದವು. ಯಾರಿಗೆ ಬೇಕು ಬಟ್ಟಲು? ಮಗ್ಗದ ಓಣಿಗೆ ಓಣಿಯೇ ಅರಿವೆ ನೋಡಲು ನೆರೆಯಿತು! ಅದು ಸೇವಂತಿಗೆಯೋ ಪೇರಲದ ಹೂವೋ ಎಂದು ಜಗಳವೂ ಆಯಿತು.

“ಅವರ ದೇಶದಾಗ ಉಡುಗೊರಿ ಇದರಾಗ ಕಟ್ಟಿ ಕೊಡ್ತಾರಂತ. ತಗೊಂಡವರು ಸಾಮಾನ ಇಟ್ಕೊಂಡು ಅರಿವಿ ಹೊಳ್ಳಿ ಕೊಡಬೇಕಂತ,” ಎಂದ ದೊಡ್ಡಪ್ಪ. ಮತ್ತೆ ನೀವೇಕೆ ಕೊಡಲಿಲ್ಲ ಎಂದು ಕೇಳುವ ಧೈರ್ಯ ಯಾರಿಗಿತ್ತು? ದೊಡ್ಡವ್ವ ಮಾತ್ರ ಆ ಪದ್ಧತಿಯನ್ನು ಅಂದೇ ಜಾರಿಗೆ ತಂದಳು.

ನಮ್ಮ ಕಡೆ ಕುಪ್ಪಸದ ಖಣವಿಲ್ಲದೆ ಆಹೇರೇ ಇಲ್ಲ. ಗಂಟಿನ ಮೇಲೆ ಹೂವಿನ ಅರಿವೆ ಕಂಡವರು ಅದನ್ನೇ ಖಣವೆನ್ನದೆ ಇನ್ನೇನು ತಿಳಿಯಬೇಕು? ಜಮಖಂಡಿಯ ಒಬ್ಬ ಬೀಗತಿ, ತೊಟ್ಟಿಲ ಕಾರ್ಯಕ್ಕೆ ಹೋದ ಗಂಟು ಬಿಚ್ಚಿ, ಕುಂಚಿಗೆಯನ್ನು ಕೂಸಿಗೆ ತೊಡಿಸಿ, ಅರಿವೆಯನ್ನು ಕುಪ್ಪಸ ಹೊಲಿಯಲು ಸಿಂಪಿಗನಿಗೆ ಕಳಿಸಿಯೇ ಬಿಟ್ಟಳು. ಸುದ್ದಿ ತಿಳಿದದ್ದೇ ತಡ, ದೊಡ್ಡವ್ವ ಚಕ್ಕಡಿಗೆ ಎತ್ತು ಹೂಡಿಸಿ, ನನ್ನನ್ನೂ ಹತ್ತಿಸಿಕೊಂಡು, ಅವನ ಅಂಗಡಿಗೆ ದಾಳಿಯಿಟ್ಟಳು. ಅವನು ಕೆಂಪು ಸೀಸಕಡ್ಡಿಯಿಂದ ಗೆರೆ ಎಳೆದು ಕತ್ತರಿ ಎತ್ತಿದ್ದ.

“ಕತ್ತರಿ ಕೆಳಗ ಇಡಪಾ.”

“ಇದು ಅಕ್ಕಾರ ಕುಪ್ಪಸ ಐತ್ರಿ.”

“ಅಲ್ಲ. ಇದು ಜಪಾನದ್ದು. ಹೊಳ್ಳಿ ಮನಿಗೆ ಹೋಗಬೇಕದು.”

ಅವನು ಗಾಬರಿಯಾಗಿ ಮಡಚಿಕೊಟ್ಟ. ತೋಳಿಗೆಂದು ಎಳೆದ ಕೆಂಪು ಗೆರೆ ಮಾತ್ರ ಎಷ್ಟು ಒಗೆದರೂ ಹೋಗಲಿಲ್ಲ. ಆಮೇಲೆ ಆಕೆಯ ಗಂಟು ಕಂಡರೆ ಜನ ಮೊದಲು ಅರಿವೆ ಬಿಚ್ಚಿ ಕೈಗಿಡುತ್ತಿದ್ದರು. ಒಳಗೇನಿದೆ ಎಂದು ನೋಡುವುದು ಆಮೇಲಿನ ಮಾತು.

ನನ್ನನ್ನು ಮುಧೋಳಕ್ಕೆ ಕೊಟ್ಟರು. ಗಂಡನ ಮನೆಗೆ ಹೊರಟಾಗ ದೊಡ್ಡವ್ವ ಸೀರೆ, ಉಂಡಿಗಳನ್ನು ಅದೇ ಅರಿವೆಯಲ್ಲಿ ಕಟ್ಟಿಕೊಟ್ಟಳು. ರೂಢಿಯಂತೆ ನಾನು ಗಂಟು ಬಿಚ್ಚಹೋದೆ. ಆಕೆ ಕೈ ಹಿಡಿದಳು.

“ಬಿಚ್ಚಬ್ಯಾಡ. ಪಂಚಮಿಗೆ ನೀನ ತಂದು ಕೊಡು.”

“ಅತ್ತಿ ಕಳಸಲಿಲ್ಲಂದ್ರ?”

“ಅರಿವಿ ಬರಲಿಲ್ಲಂದ್ರ ನಮ್ಮ ದೊಡ್ಡವ್ವ ಚಕ್ಕಡಿ ಹೂಡಸ್ತಾಳ ಅಂತ ಹೇಳು.”

ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರ ಪಂಚಮಿ ಬಂತು. “ತಾಯಿ ಇಲ್ಲದಾಕಿಗೆ ಎಲ್ಲಿ ತವರು?” ಎಂದರು ಅತ್ತೆ. ನಾನು ಅರಿವೆ ತಂದು ಮುಂದೆ ಹಿಡಿದೆ. ಅವರು ಆ ಕೆಂಪು ಗೆರೆಯನ್ನು ನೋಡಿದರು. ಸಿಂಪಿಗನ ಕಥೆ ಮುಧೋಳಕ್ಕೂ ಮುಟ್ಟಿತ್ತು!

“ಅಯ್ಯ, ಆಕಿ ಇಲ್ಲಿಗೇ ಬಂದಾಳು. ಮೊದಲ ಹೋಗಿ ಕೊಟ್ಟ ಬಾ,” ಎಂದರು.

ನಾಲ್ಕು ದಿನ ಜೋಕಾಲಿ ಆಡಿ ಹೊರಟಾಗ ದೊಡ್ಡವ್ವ ಅದರಲ್ಲೇ ಶೇಂಗಾ ಹೋಳಿಗೆ ಕಟ್ಟಿದಳು. “ದೀಪಾವಳಿಗೆ ಅರಿವಿ ಹೊಳ್ಳಿ ಬರಬೇಕು ನೋಡು,” ಎಂದು ನನ್ನ ಮುಖ ನೋಡದೆ ಗಂಟು ಬಿಗಿದಳು. ಆಗ ನನಗೆ ಅಳು ತಡೆಯಲಾಗಲಿಲ್ಲ.

ಈಗ ಹೂವೆಲ್ಲ ಮಾಸಿವೆ. ಅರಿವೆ ಅವಳದೋ ನನ್ನದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂದು ಹಬ್ಬಕ್ಕೂ ನನಗೆ ತವರು ತಪ್ಪಿಲ್ಲ.