ಪಟ್ಟಿಯಲ್ಲಿ ಐದನೆಯದು

ಸಂಶಯ ನನ್ನ ಹುಟ್ಟುಗುಣ. ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಅದನ್ನು ಜಗ್ಗಿ ನೋಡದಿದ್ದರೆ ಆಫೀಸಿಗೆ ಹೋಗುವ ಶಹಾಪುರದ ಬಸ್ಸಿನಲ್ಲಿ ಕೂತರೂ ನನಗೆ ಸಮಾಧಾನವಿಲ್ಲ. ಇಂಥವನಿಗೆ ಇಂಟರ್ನೆಟ್ ಎಂದರೆ ಹಗಲೂ ರಾತ್ರಿ ತೆರೆದೇ ಇಟ್ಟ ತಲಬಾಗಿಲು. ಹಾಗೆಂದು ಕಂಪ್ಯೂಟರಿನ ಚಪಲ ಬಿಡಲೂ ಆಗದು. ಅದಕ್ಕೇ ಸುರಪುರದ ರಂಗಂಪೇಟೆಯ ನಮ್ಮ ಮನೆಯಲ್ಲಿ ಹಳೆಯ ರೌಟರ್ ಒಂದನ್ನು ಗೋಡೆಗೆ ಬಡಿದು, ಹೊರಗಿನ ತಂತಿಯನ್ನೇ ಕೊಡದೆ, ಕಂಪ್ಯೂಟರ್, ಲ್ಯಾಪ್‌ಟಾಪ್, ನನ್ನ ಮತ್ತು ಹೆಂಡತಿಯ ಫೋನುಗಳನ್ನು ಒಂದಕ್ಕೊಂದು ಜೋಡಿಸಿದೆ. ನೆಟ್ಟೇ ಇಲ್ಲದ ನೆಟ್‌ವರ್ಕ್ ಅಂದ್ರ ಒಲಿ ಇಲ್ಲದ ಅಡಗಿಮನಿ ಏನ್ರಿ ಎಂದು ಆಫೀಸಿನ ಹೆಡ್ ಕ್ಲಾರ್ಕ್ ನಕ್ಕರು. ನಗಲಿ. ನಮ್ಮ ಮನೆಯ ಸಾಮಾನು ನಮ್ಮ ಮನೆಯೊಳಗೇ ಓಡಾಡಬೇಕು, ಹೊರಗಿನವರ ನೆರಳೂ ಬೀಳಬಾರದು, ಇಷ್ಟೇ ನನ್ನ ಹಟ.

ಹಟಕ್ಕೆ ಕಾರಣವಿತ್ತು. ಹೋದ ವರ್ಷ ಅವ್ವ ತೀರಿಕೊಂಡಳು. ಅವಳಿದ್ದಾಗ ಅವಳಿಗೆ ಗೊತ್ತಾಗದಂತೆ ಫೋನಿನಲ್ಲಿ ಹಿಡಿದಿಟ್ಟ ಹನ್ನೊಂದು ಧ್ವನಿಮುದ್ರಣಗಳು ನನ್ನ ಬಳಿ ಇದ್ದವು. ಬೀಸುವಾಗಿನ ಹಾಡು, ಸೊಸೆಗೆ ಪುಂಡಿಪಲ್ಯದ ಪಾಠ, ನನಗೆ ಬೈಗಳು. ಅವಳದೆಂದು ನನಗೆ ಉಳಿದದ್ದು ಅಷ್ಟೇ. ಅವನ್ನೆಲ್ಲ ಒಂದು ಫೋಲ್ಡರಿನಲ್ಲಿ ಹಾಕಿ, ಎಂದೂ ಆರಿಸದ ಕಂಪ್ಯೂಟರಿನಲ್ಲಿ ಭದ್ರ ಮಾಡಿದೆ. ಇಟ್ಟವನು ಒಮ್ಮೆಯೂ ಕೇಳಲಿಲ್ಲ; ಎದೆ ಒಪ್ಪಲಿಲ್ಲ.

ಒಂದು ಭಾನುವಾರ ರೌಟರಿನ ಪಟ್ಟಿ ತೆಗೆದು ನೋಡಿದೆ. ಜೋಡಿಸಿದ್ದು ನಾಲ್ಕು, ಪಟ್ಟಿಯಲ್ಲಿ ಐದು. ಐದನೆಯದಕ್ಕೆ ಹೆಸರಿಲ್ಲ, ಬರೀ ಅಂಕಿ, ಅಕ್ಷರ. ನನ್ನ ಫೋನ್ ಆರಿಸಿದೆ, ಹೆಂಡತಿಯದನ್ನೂ ಆರಿಸಿದೆ, ಲ್ಯಾಪ್‌ಟಾಪ್ ಮುಚ್ಚಿದೆ. ಪಟ್ಟಿಯಲ್ಲಿ ಕಂಪ್ಯೂಟರ್ ಉಳಿಯಿತು, ಆ ಐದನೆಯದೂ ಉಳಿಯಿತು. ಪಾಸ್‌ವರ್ಡ್ ಬದಲಿಸಿದೆ, ಹೋಯಿತು. ಮರುದಿನ ಬಂತು. ಮತ್ತೆ ಬದಲಿಸಿದೆ, ಮತ್ತೆ ಬಂತು. ಸಂಜೆ ಬಂದು ಕಂಪ್ಯೂಟರಿನ ದಾಖಲೆ ತೆಗೆದು ನೋಡಿದರೆ, ಬರುತ್ತಿದ್ದುದು ದಿನಾ ಮಧ್ಯಾಹ್ನ ಮೂರಕ್ಕೆ, ಮುಟ್ಟುತ್ತಿದ್ದುದು ಅವ್ವನ ಫೋಲ್ಡರ್ ಒಂದನ್ನೇ. ಅವ್ವ ಚಹಾ ಕೇಳುತ್ತಿದ್ದುದೂ ಮೂರಕ್ಕೇ. ದೆವ್ವ ಗಿವ್ವ ಎಲ್ಲಾ ಸುಳ್ಳೆಂದು ಬಸ್ಸಿನಲ್ಲಿ ಸುರಪುರದಿಂದ ಶಹಾಪುರದವರೆಗೂ ಭಾಷಣ ಬಿಗಿಯುವ ನಾನು, ಆ ಪಟ್ಟಿ ತೆಗೆಯುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದೆ.

ಮುಂದಿನ ಭಾನುವಾರ ಮೂರಕ್ಕೆ ನಡುಮನೆಯ ಗೋಡೆಯೊಳಗಿಂದ ಅವ್ವನ ದನಿ ಬಂತು. ಸಣ್ಣಗೆ, ಬಾಯಿಗೆ ಸೆರಗು ಹಿಡಿದು ಮಾತಾಡಿದ ಹಾಗೆ. "ಶರಣಪ್ಪಾ, ಅಲ್ಲೇನ್ ಮಾಡಾಕತ್ತಿ?" ಬಂದೆವ್ವಾ ಎಂದು ಬಾಯಿ ತಾನಾಗಿ ಉತ್ತರ ಕೊಟ್ಟಿತು. ಜೋಳ ಹಸನು ಮಾಡುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. ನಿನಗೆ ಕೇಳಿಸಿತೇ ಎಂದೆ.

"ದಿನಾ ಕೇಳಸ್ತದರಿ" ಎಂದಳು.

ಆಮೇಲೆ ವಿಷಯ ಹೊರಬಿತ್ತು. ಗೋಡೆಯ ಆಚೆ ಇರುವುದು ನೀಲಮ್ಮ ಕಾಕಿ, ಅವ್ವನ ಜೀವದ ಗೆಳತಿ. ಎರಡೂ ಮನೆಗೆ ಒಂದೇ ಗೋಡೆ, ಅದರಲ್ಲಿ ಕೈ ಹಿಡಿಸುವಷ್ಟು ಒಂದು ಕಿಂಡಿ. ಹೆಪ್ಪು, ಉಪ್ಪು, ಪಲ್ಯದ ಬಟ್ಟಲು, ಓಣಿಯ ಸುದ್ದಿ, ಎಲ್ಲಾ ಅದರಲ್ಲೇ ಓಡಾಡುತ್ತಿದ್ದವು. ಅವ್ವ ಹೋದ ಮೇಲೆ ಗೋಡೆಗೆ ಗಿಲಾವು ಮಾಡಿಸುವಾಗ ಅದನ್ನು ಸಿಮೆಂಟಿನಿಂದ ಮುಚ್ಚಿಸಿದವನು ನಾನೇ. ಈಗ ಕಾಕಿ ಹಾಸಿಗೆ ಹಿಡಿದಿದ್ದಾಳೆ. ಗೆಳತಿಯ ದನಿ ಕೇಳಬೇಕೆಂದಳಂತೆ. ಹೆಂಡತಿ ಕಾಕಿಯ ಫೋನಿಗೂ ನಮ್ಮ ನೆಟ್‌ವರ್ಕ್ ಕೊಟ್ಟಳಂತೆ. ನಾನು ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಹೊಸದನ್ನು ಹೋಗಿ ಹಾಕಿ ಬಂದಳಂತೆ. ಇಷ್ಟು ದಿನ ನಾನು ಬೆವರುವುದನ್ನು ನೋಡುತ್ತ ಸುಮ್ಮನಿದ್ದೆಯಲ್ಲ ಎಂದು ರೇಗಿದೆ.

"ಹೇಳಿದ್ರ ಇದನ್ನೂ ಮುಚ್ಚತಿದ್ರಿ."

ಅಂಜಿಕೆ ಹೋಗಿ ಸಿಟ್ಟು ಬಂದಿತ್ತು. ಅದೇ ಸಿಟ್ಟಿನಲ್ಲಿ ಕಾಕಿಯ ಮನೆಗೆ ಹೋದೆ. ದಿಂಬಿನ ಮೇಲೆ ಫೋನಿತ್ತು. ಅವ್ವ ಪುಂಡಿಪಲ್ಯದ ಪಾಠ ಹೇಳುತ್ತ ಉಸಿರು ತೆಗೆದುಕೊಂಡಲ್ಲೆಲ್ಲ ಕಾಕಿ ಹೂಂ, ಅಲ್ಲ ಮತ್ತ ಎನ್ನುತ್ತಿದ್ದಳು. ನನಗೆ ಬೈಯಲು ಬಂದದ್ದು ಮರೆತೇಹೋಯಿತು. ಕಾಕಿ ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕೂರಿಸಿಕೊಂಡು, ಫೋನಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

"ಕಿಂಡಿ ಯಾಕ ಮುಚ್ಚೀರಿ ಅಂತ ನಿನ್ನಿ ಅಕಿ ಕೇಳಿದ್ಲೋ ತಮ್ಮಾ. ನಾ ಏನ್ ಹೇಳ್ಲಿ?"

ಕಿಂಡಿ ಮುಚ್ಚಿಸಿದ್ದು ಅವ್ವ ಸತ್ತು ಮೂರು ತಿಂಗಳಾದ ಮೇಲೆ. ಕಾಕಿಯ ಮನೆಯಿಂದ ಬಂದವನೇ ಹನ್ನೊಂದೂ ಮುದ್ರಣಗಳನ್ನು ಕೂತು ಕೇಳಿದೆ. ಕಿಂಡಿಯ ಮಾತು ಯಾವುದರಲ್ಲೂ ಇಲ್ಲ. ಇರುವುದು ಸಾಧ್ಯವೂ ಇಲ್ಲ. ಕಾಕಿಗೆ ವಯಸ್ಸಾಗಿದೆ, ಏನೋ ಕನವರಿಸಿರಬೇಕು ಎಂದು ಹೆಂಡತಿಗೆ ಬಿಡಿಸಿ ಹೇಳಿದೆ. ಮರುದಿನ ರಜೆ ಹಾಕಿ ಗೌಂಡಿಯನ್ನು ಕರೆಸಿ, ಕಿಂಡಿ ಇದ್ದ ಜಾಗ ತೋರಿಸಿದೆ. ಇಷ್ಟು ಚಲೋ ಗಿಲಾವು ಯಾಕ ಒಡಸ್ತೀರಿ ಎಂದು ಅವನು ಕೇಳಿದ. ನೆಟ್‌ವರ್ಕ್ ಸರಿಯಾಗಿ ಸಿಗುತ್ತಿಲ್ಲ ಎಂದೆ.