ಎಷ್ಟು ಕೊಡುತ್ತೆ?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಗೌರಿಬಿದನೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ನಾನು. ಒಂದು ಹಂತ ಬಿಟ್ಟರೂ ಅಂಕ ಹೋಗುತ್ತದೆ ಎಂದು ಮಕ್ಕಳಿಗೆ ಹೇಳಿ ಹೇಳಿ, ಈಗ ನನಗೇ ಯಾವ ಹಂತ ಬಿಡಲೂ ಭಯ. ಆದರೂ ನಮ್ಮ ಮನೆಗೆ ಆ ಕೆಂಪು ಕಾರು ಬಂದಾಗಿನಿಂದ ಹೇಳಲೇಬೇಕಾದ ಪ್ರಸಂಗಗಳು ನಡೆಯುತ್ತಲೇ ಇವೆ. ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. ಬರೆದರೂ ನಗುತ್ತಾರೋ ಇಲ್ಲವೋ ಗೊತ್ತಿಲ್ಲ.

ಎಲ್ಲರದೂ ಒಂದೇ ಪ್ರಶ್ನೆ

ಕಾರು ಸಣ್ಣದು, ಸೆಕೆಂಡ್ ಹ್ಯಾಂಡು, ಆದರೆ ಸ್ಪೋರ್ಟ್ಸ್ ಮಾಡೆಲ್ಲು. ಹಿಂದುಗಡೆ ರೆಕ್ಕೆ, ಅಗಲ ಟಯರು, ಒಳಗೆ ಟರ್ಬೊ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಊದುವ ಒಂದು ತಿದಿ ಅನ್ನಿ. ಸೆಕೆಂಡ್ ಗೇರಿನಲ್ಲಿ ಕಾಲು ಒತ್ತಿದರೆ ಸಾಕು, ಯಾರೋ ಹಿಂದಿನಿಂದ ಒದ್ದ ಹಾಗೆ ಮುಂದಕ್ಕೆ ಹಾರುತ್ತದೆ! ಮೊದಲ ಸಲ ಹಾಗೆ ಹಾರಿದಾಗ ನಾನು ಒಬ್ಬನೇ ಕಾರೊಳಗೆ ಕೂತು ಕೇಕೆ ಹಾಕಿದ್ದೆ.

ಆದರೆ ಎಷ್ಟು ಜೋರಾಗಿ ಓಡುತ್ತೆ ಎಂದು ಒಬ್ಬರೂ ಕೇಳಲಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಿದ್ದೇ ತಡ, ಎದುರುಮನೆಯ ಯಜಮಾನರು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, "ಎಷ್ಟು ಕೊಡುತ್ತೆ ಮೇಷ್ಟ್ರೆ?" ಅಂದರು. ಹಾಲಿನವಳೂ ಅದನ್ನೇ ಕೇಳಿದಳು. ನಮ್ಮ ಕಡೆ ಹಸು ತಂದರೂ ಎಷ್ಟು ಕೊಡುತ್ತೆ, ಕಾರು ತಂದರೂ ಎಷ್ಟು ಕೊಡುತ್ತೆ. ಹಸುವಿಗಾದರೆ ಹೊತ್ತಿಗೆ ಎಷ್ಟು ಲೀಟರ್ ಹಾಲು, ಕಾರಿಗಾದರೆ ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರು. ನಿಮಗೆ ಗೊತ್ತಿರುತ್ತದೆ. ಆದರೂ ಬಿಡಿಸಿ ಹೇಳಿದೆ, ಮುಂದೆ ಬೇಕಾಗುತ್ತದೆ.

"ಹನ್ನೊಂದು," ಅಂದೆ.

ಎದುರುಮನೆಯವರು ಬಾನೆಟ್ಟಿನಿಂದ ಕೈ ತೆಗೆದರು. ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಹೋಗ್ಲಿ ಬಿಡಿ, ಬಣ್ಣ ಚೆನ್ನಾಗಿದೆ," ಅಂದರು.

ಇದು ಒಳಗಿದ್ದ ನನ್ನ ಹೆಂಡತಿಯ ಕಿವಿಗೆ ಬಿತ್ತು. ಸಂಜೆಯೇ ತೀರ್ಪು ಬಂತು. "ರೀ, ಗೌರಿ ಹಬ್ಬದೊಳಗೆ ಹದಿನೈದು ಕೊಟ್ರೆ ಇಟ್ಕೊಳ್ಳಿ. ಇಲ್ದಿದ್ರೆ ಮಾರಿ. ನಿಮಗೆ ಬಸ್ಸೇ ಸರಿ."

ಅವತ್ತಿನಿಂದ ನನ್ನ ಬದುಕಿನ ಗುರಿ ಹದಿನೈದು.

ರೇಷ್ಮೆ ಹುಳದ ಮನೆ

ಚಿಂತಾಮಣಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನೆ. ಇಂಥ ಕಾರುಗಳಲ್ಲಿ ಕೈ ಪಳಗಿದವನು ಎಂದು ಯಾರೋ ಹೇಳಿದರು. ಅವನು ಪಕ್ಕದಲ್ಲಿ ಕೂತು ಬರೀ ಒಂದು ಸುತ್ತು ಬಂದು, "ಬಂಡಿಗೆ ಏನೂ ಆಗಿಲ್ಲ ಸಾರ್. ನಿಮ್ಮ ಕಾಲಿಗೆ ಆಗಿರೋದು," ಅಂದ.

"ಏನು ಮಾಡ್ಬೇಕಪ್ಪ?"

"ಹುಳದ ಮನೆಯೊಳಗೆ ಹೆಂಗೆ ಕಾಲಿಡ್ತೀರ? ಹಂಗೆ ಒತ್ತಿ. ಮೆಲ್ಲಗಾ."

ಮನೆಯಲ್ಲಿ ರೇಷ್ಮೆ ಹುಳ ಸಾಕದವರಿಗೆ ಹೇಳಬೇಕು: ಅಲ್ಲಿ ಧಪಧಪ ನಡೆಯುವ ಹಾಗಿಲ್ಲ, ಸದ್ದು ಮಾಡುವ ಹಾಗಿಲ್ಲ, ಉಸಿರಾಡಿದರೂ ಹುಳ ಸಾಕುವ ನಮ್ಮ ಮಾವನವರು ತಿರುಗಿ ನೋಡುತ್ತಾರೆ. ಸರಿ, ಮಾರನೇ ದಿನ ಸ್ಕೂಲಿಗೆ ಹಾಗೆಯೇ ಹೊರಟೆ. ಎ.ಸಿ. ಆಫ್. ಟರ್ಬೊ ಏಳದ ಹಾಗೆ ಬರೀ ಹೆಬ್ಬೆರಳಿನಿಂದ ಒತ್ತುವುದು. ಮೊದಲು ಬೈಕುಗಳು ದಾಟಿ ಹೋದವು, ಆಮೇಲೆ ಆಟೋಗಳು, ಆಮೇಲೆ ದ್ರಾಕ್ಷಿ ಕ್ರೇಟು ಹೇರಿದ ಟ್ರ್ಯಾಕ್ಟರ್. ಟ್ರ್ಯಾಕ್ಟರಿನವನು ದಾಟುವಾಗ ನಮಸ್ಕಾರ ಬೇರೆ ಮಾಡಿದ.

ಮಂಚೇನಹಳ್ಳಿ ದಾಟಿ ಒಂದು ಏರು ಬಂತು. ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜ ನನ್ನ ಪಕ್ಕಪಕ್ಕದಲ್ಲೇ ನಡೆದು ಬಂದು ಕಿಟಕಿಗೆ ಬಗ್ಗಿದ.

"ಕೆಟ್ಟೋಯ್ತಾ ಸಾಮಿ?"

"ಇಲ್ಲ ತಾತ, ಚೆನ್ನಾಗಿದೆ."

"ನಾಚ್ಕೋಬ್ಯಾಡಿ ಸಾಮಿ. ಲೇ, ಬರ್ರೋ ಇಲ್ಲಿ!"

ತೋಟದಿಂದ ಮೂರು ನಾಲ್ಕು ಜನ ಬಂದರು. ಬೇಡ ಬೇಡ ಎಂದು ನಾನು ಕೂಗುತ್ತಿದ್ದರೂ ಹಿಂದಿನ ರೆಕ್ಕೆ ಹಿಡಿದು, ಏರು ಮುಗಿಯುವ ತನಕ ನೂಕಿದರು. ಅಜ್ಜ ಹಣೆ ಒರೆಸಿಕೊಂಡು, "ತಳ್ಳಾಕೆ ಹಿಡಿ ಇಟ್ಟವ್ರೆ, ಒಳ್ಳೇ ಕಂಪನಿ," ಅಂದ.

ಸ್ಕೂಲು ಮುಟ್ಟಿ ಮೈಲೇಜ್ ತೋರಿಸುವ ಮೀಟರ್ ನೋಡಿದೆ. ಹದಿನಾಲ್ಕು! ಮೈಯೆಲ್ಲ ರೋಮಾಂಚನ. ಹೆಂಡತಿಗೆ ಫೋನ್ ಮಾಡಿ ಹೇಳಿದರೆ ಅವಳು ಕೇಳಿದ್ದು ಒಂದೇ ಮಾತು: "ಆ ಅಜ್ಜ ದಿನಾ ಬರ್ತಾನಂತಾ?"

ಭಾರ ಇಳಿಸಿದ್ದು

ಅಜ್ಜ ದಿನಾ ಬರಲಿಲ್ಲ. ಮೀಟರು ಮತ್ತೆ ಹನ್ನೊಂದಕ್ಕೆ ಬಂತು. ಆಗ ನನಗೆ ಹೊಳೆಯಿತು: ಭಾರ ಕಡಿಮೆಯಾದರೆ ಪೆಟ್ರೋಲೂ ಕಡಿಮೆ. ಇದು ಶುದ್ಧ ಲೆಕ್ಕ. ಒಂದು ಭಾನುವಾರ ಜಂಗಮಕೋಟೆಗೆ, ಮಾವನ ಮನೆಗೆ ಹೊರಡುವ ಮುಂಚೆ ಕಾರಿನಿಂದ ಒಂದೊಂದೇ ಇಳಿಸಿದೆ. ಮ್ಯಾಟು, ಸ್ಪೀಕರು, ದೇವರ ಪಕ್ಕ ಇಟ್ಟಿದ್ದ ತೆಂಗಿನಕಾಯಿ, ಕೊನೆಗೆ ಸ್ಟೆಪ್ನಿ ಕೂಡ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಲ್ಲಕ್ಕಿಂತ ಭಾರದ್ದು ಒಂದನ್ನ ಬಿಟ್ಟಿದ್ದೀರಿ."

"ಯಾವುದೇ?"

"ಸ್ಟೀರಿಂಗ್ ಹಿಂದೆ ಕೂರುತ್ತಲ್ಲ, ಅದು."

ನಾನು ಹೊಟ್ಟೆ ಒಳಗೆಳೆದುಕೊಂಡು ಕಾರು ಹತ್ತಿದೆ, ಅವಳು ಪಕ್ಕದಲ್ಲಿ ಕೂತಳು. ಗಾಡಿ ಹೂವಿನ ಹಾಗೆ ಹಗುರ! ಶಿಡ್ಲಘಟ್ಟ ದಾಟುವ ತನಕ ಮೀಟರು ಹದಿಮೂರು ತೋರಿಸುತ್ತಿತ್ತು. ದಾಟಿದ ಮೇಲೆ ಢಬ್ ಎಂದಿತು. ಟಯರಿನ ಪಕ್ಕವೇ ಸೀಳಿತ್ತು. ಸ್ಟೆಪ್ನಿಯೇ ಬೇಕು. ಅದು ಚಿಕ್ಕಬಳ್ಳಾಪುರದ ನಮ್ಮ ಜಗಲಿಯ ಮೇಲಿತ್ತು.

ಹುಣಸೆ ಮರದ ನೆರಳಲ್ಲಿ ಹೆಂಡತಿಯನ್ನೂ ಕಾರನ್ನೂ ಬಿಟ್ಟು, ಬಸ್ಸು ಹಿಡಿದು ಮನೆಗೆ ಹೋದೆ. ಸ್ಟೆಪ್ನಿ ಹೊತ್ತು ಮತ್ತೆ ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದ.

"ಸಾರ್, ಕಾರಿನ ಚಕ್ರ ಬಸ್ಸಲ್ಲಿ ಯಾಕೆ ಓಡಾಡ್ತಿದೆ?"

"ಪೆಟ್ರೋಲ್ ಉಳಿಸೋಕಪ್ಪ."

ಅವನು ಟಿಕೆಟ್ ಕೈಗಿಟ್ಟು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ: "ಇನ್ನೂ ಮೂರು ಬಿಚ್ಕೊಂಡು ಬನ್ನಿ ಸಾರ್, ಪೂರ್ತಿ ಉಳಿಯುತ್ತೆ!"

ಬ್ರೋಕರ್ ಕೇಳಿದ ಪ್ರಶ್ನೆಗಳು

ಮರದ ಕೆಳಗೆ ಅಷ್ಟು ಹೊತ್ತು ಕೂತ ಮೇಲೆ ಹೆಂಡತಿ ಗೌರಿ ಹಬ್ಬದ ತನಕ ಕಾಯಲು ತಯಾರಿರಲಿಲ್ಲ. ತವರು ಮುಟ್ಟಿದ ತಕ್ಷಣ ಅಪ್ಪನ ಮುಂದೆ ಹೇಳಿದಳು. "ಅಪ್ಪ, ಆ ಕೆಂಪದನ್ನ ಮಾರಿಸಿಬಿಡು. ನೀನು ಹೆಂಗೆ ಹೇಳಿದ್ರೆ ಹಂಗೆ."

ಮಾವನವರು ಮಿತಭಾಷಿ. ಮಾರನೇ ದಿನ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿ ಸಿಕ್ಕ ಪರಿಚಯದ ಬ್ರೋಕರಿಗೆ, "ಅಳಿಯಂದ್ರ ಮನೇಲಿ ಕೆಂಪಗಿರೋದೊಂದಿದೆ. ಖರ್ಚು ಜಾಸ್ತಿ, ಕೊಡೋದು ಕಮ್ಮಿ. ನೋಡಪ್ಪ," ಎಂದಷ್ಟೇ ಹೇಳಿ ನನ್ನ ನಂಬರ್ ಕೊಟ್ಟರಂತೆ.

ಸಂಜೆ ಫೋನು ಬಂತು. ಕಾರು ಹೋಯಿತು ಎಂದುಕೊಂಡೇ ಎತ್ತಿದೆ. ಆದರೆ ಆ ಮನುಷ್ಯ ಎಂಥ ಅನುಭವಸ್ಥ! ಎಷ್ಟು ಸೂಕ್ಷ್ಮವಾಗಿ ಕೇಳಿದ ಅಂತೀರಿ!

"ಬೆಳಗ್ಗೆ ಎಷ್ಟು ಕೊಡುತ್ತೆ, ಸಂಜೆ ಎಷ್ಟು ಕೊಡುತ್ತೆ, ಬೇರೆ ಬೇರೆ ಹೇಳಿ ಸ್ವಾಮಿ."

ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಬೆಳಗ್ಗೆ ಹನ್ನೆರಡು. ಸಂಜೆ ಮನೆಗೆ ಬರೋ ಆತುರ ನೋಡಿ, ಹತ್ತು."

"ಓಹೋ! ಒದೆಯುತ್ತಾ?"

"ಒದೆಯೋದೇ ಅದರ ಮಜಾ!"

"ಆ? ಹೋಗ್ಲಿ. ಹೊಸಬ್ರು ಮೈಮುಟ್ಟಿದ್ರೆ?"

"ಬೀದಿಗೆಲ್ಲ ಕೇಳೋ ಹಾಗೆ ಕೂಗ್ಕೊಳ್ಳುತ್ತೆ." ಅಲಾರಂ ಇದೆಯಲ್ಲ, ಅದಕ್ಕೆ.

"ಕುಡಿಯೋದು?"

"ಅದೇ ಸ್ವಾಮಿ ತೊಂದರೆ, ತುಂಬ ಕುಡಿಯುತ್ತೆ."

"ಕುಡಿದ್ರೇನೇ ಕೊಡೋದು! ಹನ್ನೆರಡೂ ಹತ್ತೂ ಇಪ್ಪತ್ತೆರಡು. ಇಪ್ಪತ್ತೆರಡು ಕೊಡೋದನ್ನ ಮಾರೋರುಂಟಾ? ನೀವು ಓದಿದೋರು, ಹಿಂಗಾ ಮಾಡೋದು? ಮಾರ್ಬೇಡಿ. ಮಾರ್ಲೇಬೇಕಂದ್ರೆ ನನಗೇ ಕೊಡಿ, ನೋಡೋಕಾದ್ರೂ ಒಂದಿನ ಬರ್ತೀನಿ."

ಅದೇ ಮಾತನ್ನು ಅವನು ಮಾವನವರಿಗೂ ಹೇಳಿದ. ಮಾವನವರು ಮಗಳಿಗೆ ಫೋನ್ ಮಾಡಿದರು. "ಇಪ್ಪತ್ತೆರಡು ಕೊಡುತ್ತಂತೆ ಕಣಮ್ಮ. ಮಾರಬಾರದಂತೆ." ಅಪ್ಪನ ಮಾತೆಂದರೆ ಅವಳಿಗೆ ಮುಗಿಯಿತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದಿನ ಹನ್ನೊಂದು ಅಂತ ಬಡ್ಕೋತಿದ್ರಲ್ಲ, ಗಣಿತದ ಮೇಷ್ಟ್ರು ಬೇರೆ!" ಅಂದಳು. ಕಾರು ಉಳಿಯಿತು! ಹಬ್ಬಕ್ಕೆ ಅದರಲ್ಲೇ ತವರಿಗೆ ಹೋಗುವುದು ಎಂದೂ ತೀರ್ಮಾನವಾಗಿದೆ. ಕುಣಿಯುವುದೊಂದು ಬಾಕಿ.

ಆದರೆ ಓದುಗರಿಗೆ ತಪ್ಪು ಲೆಕ್ಕ ಹೋಗಬಾರದು. ಆ ಬ್ರೋಕರ್ ಇಷ್ಟು ಅನುಭವಸ್ಥನಾದರೂ ಒಂದು ಹಂತ ಬಿಟ್ಟ. ಬೆಳಗಿನದನ್ನೂ ಸಂಜೆಯದನ್ನೂ ಸುಮ್ಮನೆ ಕೂಡಿಸುವ ಹಾಗಿಲ್ಲ. ಇದಕ್ಕೆ ಸರಾಸರಿ ಎನ್ನುತ್ತಾರೆ. ಹನ್ನೆರಡಕ್ಕೆ ಹತ್ತು ಕೂಡಿಸಿ, ಬಂದದ್ದನ್ನು ಎರಡರಿಂದ ಭಾಗಿಸಬೇಕು. ಯಾಕೆ ಎರಡು ಅಂದರೆ, ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಹೀಗೆ ಒಟ್ಟು

ಹೆಂಡತಿ ಕೂಗುತ್ತಿದ್ದಾಳೆ.

"ರೀ! ಬರೆಯೋದು ಬಿಟ್ಟು ಹೊರಗೆ ಬನ್ನಿ! ಅಪ್ಪನ ಕಡೆಯ ಬ್ರೋಕರ್ ಅಂತೆ, ಟೆಂಪೋ ತಂದಿದ್ದಾರೆ. ಕೈಯಲ್ಲಿ ಹಗ್ಗ ಇದೆ. ನಾನು ಕಾರು ತೋರಿಸಿದ್ರೆ, 'ಇದಿರ್ಲಿ ತಾಯಿ, ಕೊಟ್ಟಿಗೆ ಎಲ್ಲಿ?' ಅಂತಿದ್ದಾರೆ!"