ರೈಟರಜ್ಜನ ಬ್ಯಾನರಿಗೊಂದು ಲ್ಯಾಪ್‌ಟಾಪ್

ನಗಬಾರದ ಕಡೆಯೇ ನಗು ಬರುವುದು ನನ್ನ ಹಣೆಬರಹ. ಅದಕ್ಕೆ ನಾನು ಕಾರಣನಲ್ಲ, ನನ್ನ ಕಸುಬು ಕಾರಣ. ಚೆಟ್ಟಳ್ಳಿಯಲ್ಲಿ ನನ್ನದೊಂದು ಡಿಸೈನ್ ಅಂಗಡಿ. ಮದುವೆ ಕಾರ್ಡು, ಹುಟ್ಟುಹಬ್ಬದ ಬ್ಯಾನರು ಎಲ್ಲವನ್ನೂ ಜನ ಈಗ ಮೊಬೈಲಿನಲ್ಲೇ ಮಾಡಿಕೊಳ್ಳುತ್ತಾರೆ. ನನಗೆ ಉಳಿದಿರುವುದು ಶ್ರದ್ಧಾಂಜಲಿ ಬ್ಯಾನರ್ ಒಂದೇ. ಸಾವಿನ ಮನೆಯಲ್ಲಿ ಕೂತು ಮೊಬೈಲ್ ಉಜ್ಜುತ್ತಿದ್ದರೆ ನೋಡಿದವರು ಏನಂದುಕೊಂಡಾರು ಎಂಬ ಅಂಜಿಕೆಯಿಂದ ಆ ಕೆಲಸ ಮಾತ್ರ ಇನ್ನೂ ನನ್ನ ಬಾಗಿಲಿಗೆ ಬರುತ್ತದೆ. ಹೆಣ ಎತ್ತುವ ಮುಂಚೆ ಬ್ಯಾನರು ಸರ್ಕಲ್ಲಿನಲ್ಲಿ ನಿಂತಿರಬೇಕು, ಅಷ್ಟೇ ಷರತ್ತು.

ಈಗ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿಗೆ ಸಾಕ್ಷಿ ಹೇಳಬೇಕಾದವರು ನನ್ನ ಬ್ಯಾನರುಗಳಲ್ಲಿದ್ದಾರೆ.

ಹೋಗುವ ವಯಸ್ಸಲ್ಲ

ರೈಟರಜ್ಜ ನಮ್ಮೂರ ಮೇಲಿನ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಲೈನುಮನೆಗಳ ಕೂಲಿಯವರ ಹಾಜರಿ ಬರೆಯುತ್ತ ಬರೆಯುತ್ತಲೇ ಮುದುಕರಾದವರು. ಮೈಸೂರಿನ ಆಸ್ಪತ್ರೆಯಿಂದ 'ಇನ್ನು ಮನೆಯಲ್ಲೇ ನೋಡಿಕೊಳ್ಳಿ' ಎಂದು ಕಳಿಸಿದ ಮೇಲೆ ಅವರು ಮಗಳ ಕೈಲಿ ಮೊದಲು ಹೇಳಿಕಳಿಸಿದ್ದು ನನಗೆ, ಆಮೇಲೆ ನೆಂಟರಿಗೆ. ಹೋಗಿ ಮಂಚದ ಪಕ್ಕ ಕೂತೆ.

"ನನ್ನ ಬ್ಯಾನರು ನಾನೇ ನೋಡಬೇಕು ಕಣಪ್ಪ. ಹೋದಮೇಲೆ ನೀನು ಏನು ಬೇಕಾದ್ರೂ ಮಾಡ್ತೀಯ. ಎದ್ದು ಬಂದು ಕೇಳಕ್ಕಾಗಲ್ಲ."

ಒಪ್ಪಿಕೊಂಡು ಬಂದು ಕೆಲಸ ಶುರು ಮಾಡಿದೆ. ಅರ್ಧ ಆಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಊರಿನಲ್ಲಿ ಬೇರೊಬ್ಬರು ತೀರಿಕೊಂಡು, ಬ್ಯಾನರಿಗೆಂದು ಆ ಸತ್ತವರ ಮಗ ಬಂದು ಪಕ್ಕದಲ್ಲಿ ಕೂತಿದ್ದ. ಕಂಪ್ಯೂಟರಿನಲ್ಲಿ ಅವನ ಅಪ್ಪನ ಮುಖಕ್ಕೆ ಹಾರ ಹಾಕುತ್ತಿದ್ದೆ, ಕರೆಂಟು ಒಮ್ಮೆ ಹೋಗಿ, ಮತ್ತೆ ಜೋರಾಗಿ ಬಂತು. ನನ್ನ ಕಂಪ್ಯೂಟರು ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಸುಟ್ಟ ವಾಸನೆ. ಅದರೊಳಗೆ ರೈಟರಜ್ಜನೂ ಇದ್ದರು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಬಾಗಿಲಲ್ಲಿ ನಿಂತ ನಾಲ್ಕು ಜನಕ್ಕೆ ನಮ್ಮಿಬ್ಬರಲ್ಲಿ ಯಾರ ಅಪ್ಪ ಹೋದದ್ದು ಎಂದು ತಿಳಿಯಲಿಲ್ಲ. ಕೊನೆಗೆ ಆ ಮಗನೇ ಕಣ್ಣೊರೆಸಿಕೊಂಡು ನನ್ನ ಬೆನ್ನ ಮೇಲೆ ಕೈ ಇಟ್ಟ.

"ಎಷ್ಟು ವರ್ಷದ್ದಣ್ಣ?"

"ಒಂಬತ್ತು."

"ಛೆ. ಹೋಗೋ ವಯಸ್ಸಲ್ಲ."

ಎಲ್ಲರ ಕೋಟು

ರೈಟರಜ್ಜನಿಗೆ ನನ್ನ ಮೇಲೆ ಏಕೆ ಅಷ್ಟು ಅನುಮಾನ ಎಂದರೆ, ಕೋಟಿನ ಕಥೆ ಅವರ ಕಿವಿಗೆ ಬಿದ್ದಿತ್ತು. ಸತ್ತವರ ಮನೆಯಲ್ಲಿ ಒಳ್ಳೆಯ ಫೋಟೋ ಇರುವುದಿಲ್ಲ. ಮುಖ ಇದ್ದರೆ ಭುಜ ಇರುವುದಿಲ್ಲ. ಭುಜ ಇದ್ದರೆ ಅದರ ಮೇಲೆ ಇನ್ನೊಬ್ಬರ ಕೈ. ಹಾಗಾಗಿ ನನ್ನ ಕಂಪ್ಯೂಟರಿನಲ್ಲಿ ಒಂದು ನೀಲಿ ಕೋಟು, ಕೆಂಪು ಟೈ, ಜೇಬಿನಲ್ಲಿ ಎರಡು ಪೆನ್ನು ಇರುವ ದೇಹವೊಂದು ತಯಾರಿತ್ತು. ಯಾವ ದೇಶದವನದೋ ಏನೋ. ಅದರ ಕುತ್ತಿಗೆಯ ಮೇಲೆ ನಮ್ಮೂರಿನ ಸತ್ತವರನ್ನು ಒಬ್ಬೊಬ್ಬರಾಗಿ ಕೂರಿಸುತ್ತ ಬಂದಿದ್ದೆ.

ಒಂದು ದಿನ ಒಬ್ಬ ಹೆಂಗಸು ಅಂಗಡಿಗೆ ಬಂದು ನಿಂತರು. ಅವರ ಯಜಮಾನರ ಬ್ಯಾನರು ಹಿಂದಿನ ವರ್ಷ ನಾನೇ ಮಾಡಿದ್ದು. ಸರ್ಕಲ್ಲಿನಲ್ಲಿ ಅವತ್ತು ಇನ್ನೊಬ್ಬರ ಹೊಸ ಬ್ಯಾನರು ಎದ್ದಿತ್ತು. ನಮ್ಮವರ ಕೋಟು ಅವರಿಗೆ ಹೇಗೆ ಬಂತು ಎಂದು ಕೇಳಿದರು. ಸತ್ಯ ಹೇಳಬಹುದಿತ್ತು. ನನ್ನ ಬಾಯಿ ಕೇಳಲಿಲ್ಲ. ಮೇಲಿನ ಲೋಕದಲ್ಲಿ ಚಳಿ ಇರುವುದಿಲ್ಲವಂತೆ ಅಕ್ಕ, ಅವರೇ ಬಿಚ್ಚಿ ಕೊಟ್ಟಿರಬೇಕು ಎಂದೆ.

ಆಕೆ ಸರ್ಕಲ್ಲಿನ ಕಡೆ ತಿರುಗಿ ನೋಡಿದರು. "ನಮ್ಮವರು ಕೊಡೋ ಆಸಾಮಿ ಅಲ್ಲ. ಆ ಹೊಸಬ್ರೇ ಕಿತ್ಕೊಂಡಿರ್ತಾರೆ."

ಸುಬೇದಾರರ ಮಾಲು

ಹೊಸ ಕಂಪ್ಯೂಟರು ಹೇಗಿರಬೇಕು ಎಂದು ತೀರ್ಮಾನಿಸಿದ್ದು ನಾನಲ್ಲ, ರೈಟರಜ್ಜನ ಮಂಚ. ಅವರು ಎದ್ದು ಬರಲಾರರು, ಆದ್ದರಿಂದ ಹೊತ್ತೊಯ್ಯುವಂಥ ಲ್ಯಾಪ್‌ಟಾಪೇ ಬೇಕು. ಅವರ ಮನೆಗೆ ಹೋಗುವ ರಸ್ತೆಯಲ್ಲಿ ಜೀಪು ಕುಣಿಯುತ್ತದೆ, ಆದ್ದರಿಂದ ಗಟ್ಟಿ ಇರಬೇಕು. ಕರೆಂಟಿಗೆ ಆ ಕಡೆ ನಂಬಿಕೆಯಿಲ್ಲ, ಬ್ಯಾಟರಿ ನಿಲ್ಲಬೇಕು. ಅಜ್ಜ ಕೋಟು ಬೇಡ, ತನ್ನ ಸ್ವೆಟರೇ ಇರಲಿ, ತನ್ನ ಬಣ್ಣವೇ ಇರಲಿ ಎಂದಿದ್ದರು, ಆದ್ದರಿಂದ ಸ್ಕ್ರೀನು ಸುಳ್ಳು ಹೇಳಬಾರದು. ಡಿಸೈನಿನ ದೊಡ್ಡ ಫೈಲು ತೆರೆದರೆ ಉಸಿರುಕಟ್ಟಬಾರದು. ಇಷ್ಟೆಲ್ಲ ಇದ್ದು ಅಗ್ಗವಾಗಿರಬೇಕು. ಇಂಥ ಅಳಿಯ ಕೂಡ ಸಿಗುವುದಿಲ್ಲ ಎಂದಳು ನನ್ನ ಹೆಂಡತಿ.

ಪೊನ್ನಂಪೇಟೆಯಲ್ಲಿ ನಿವೃತ್ತ ಸುಬೇದಾರರೊಬ್ಬರ ಹತ್ತಿರ ಹಳೆಯದೊಂದು ಇದೆ, ಮಾರುತ್ತಾರೆ ಎಂದು ಸುದ್ದಿ ಬಂತು. ಹೋದೆ. ಅವರು ಕಾಫಿ ಕೊಟ್ಟು, ಎರಡೂ ಕೈಯಲ್ಲಿ ಅದನ್ನು ಎತ್ತಿ ತಂದರು. ರಾಗಿ ಬೀಸುವ ಕಲ್ಲು ಎತ್ತಿ ತಂದಂತೆ ಕಂಡಿತು. ಇದು ಬಿದ್ದರೂ ಏನೂ ಆಗುವುದಿಲ್ಲ ಎಂದರು. ನಾನು ಸುಮ್ಮನೆ ಇರಬೇಕಿತ್ತು. ಎಲ್ಲರೂ ಹಾಗೇ ಹೇಳುತ್ತಾರೆ ಸಾರ್ ಎಂದುಬಿಟ್ಟೆ. ಸುಬೇದಾರರ ಮೀಸೆ ಅಲುಗಿತು. ಎದ್ದು ನಿಂತು ಎದೆಯೆತ್ತರಕ್ಕೆ ಹಿಡಿದು ಕೈಬಿಟ್ಟರು.

ನಿಜವೇ. ಲ್ಯಾಪ್‌ಟಾಪಿಗೆ ಒಂದು ಗೀರೂ ಬೀಳಲಿಲ್ಲ. ಅದು ಬಿದ್ದದ್ದು ಅವರ ಕಾಲಿನ ಮೇಲೆ. ಗೋಣಿಕೊಪ್ಪದ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಹೆಬ್ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಲೇ ಅವರು ಡಾಕ್ಟರಿಗೆ ಹೇಳಿದರು: "ನೋಡಿ, ಇನ್ನೂ ಆನ್ ಆಗ್ತದೆ."

ಸಾಲಾಗಿ ಶ್ರದ್ಧಾಂಜಲಿ

ಅಷ್ಟರಲ್ಲಿ ರೈಟರಜ್ಜ ಅನ್ನ ಬಿಟ್ಟು ಗಂಜಿಗೆ ಇಳಿದಿದ್ದರು. ಮಗಳು ಫೋನು ಮಾಡಿ, ಅಪ್ಪ ಕೇಳ್ತಾ ಇದ್ದಾರೆ ಅಣ್ಣ, ಆಯ್ತಾ ಅಂತ ಎಂದಳು. ದನಿ ಚೆನ್ನಾಗಿರಲಿಲ್ಲ. ಸುಬೇದಾರರ ಮಾಲು ಕಾಯಿಲೆಯವರ ಮಂಚದ ಮೇಲಿಡುವ ತೂಕದ್ದಲ್ಲ ಎಂದು ಕೈಬಿಟ್ಟು, ಅದೇ ದಿನ ಮೈಸೂರಿನ ಬಸ್ಸು ಹತ್ತಿದೆ.

ದೊಡ್ಡ ಷೋರೂಮು. ಸೇಲ್ಸಿನವನು ಗೇಮಿಂಗಾ ಸಾರ್, ಆಫೀಸಾ ಸಾರ್ ಎಂದು ಕೇಳಿದ. ಸತ್ತವರಿಗೆ ಎಂದೆ. ಅವನು ನಕ್ಕ. ನನ್ನ ಬಜೆಟ್ ಹೇಳಿದೆ. ನಗು ನಿಲ್ಲಿಸಿದ.

ಸ್ಕ್ರೀನಿನ ಬಣ್ಣ ಬಾಯಿಮಾತಿನಲ್ಲಿ ಗೊತ್ತಾಗುವುದಿಲ್ಲ. ನನ್ನ ಪೆನ್‌ಡ್ರೈವಿನಲ್ಲಿ ಹಳೆಯ ಗಿರಾಕಿಯೊಬ್ಬರ ಬ್ಯಾನರಿತ್ತು. ಹಾರ, ದೀಪ, ಭಾವಪೂರ್ಣ ಶ್ರದ್ಧಾಂಜಲಿ, ಎಲ್ಲ ಸೇರಿ. ಅವರ ಮೈಬಣ್ಣ ನನಗೆ ಗೊತ್ತು. ಒಂದರಲ್ಲಿ ತೆರೆದರೆ ಕಾಮಾಲೆ ಬಂದಂತಿದ್ದರು. ಇನ್ನೊಂದರಲ್ಲಿ ಮದುಮಗನಂತೆ ಗುಲಾಬಿ. ಹೋಲಿಸಿ ನೋಡಲು ಒಂದೊಂದರಲ್ಲೂ ತೆರೆದು ಹಾಗೇ ಬಿಡುತ್ತ ಹೋದೆ. ಮೊದಲನೇ ಸಾಲು ಕೆಲಸಕ್ಕಾಗಿ ಮಾಡಿದ್ದು. ಎರಡನೇ ಸಾಲು ಬೇಕೆಂದೇ ಮಾಡಿದ್ದು.

ಒಳಗೆ ಬಂದ ಒಂದು ಸಂಸಾರ ಬಾಗಿಲಲ್ಲೇ ನಿಂತಿತು. ಅಂಗಡಿಯ ತುಂಬ ಅದೇ ಮುಖ, ಅದೇ ಹಾರ. ಗಂಡಸು ಚಪ್ಪಲಿ ಕಳಚಿದ, ಹೆಂಗಸು ಸೆರಗು ಸರಿಮಾಡಿಕೊಂಡಳು. ಹೋದವರು ಮಾಲೀಕರಾ ಎಂದು ಮೆಲ್ಲಗೆ ನನ್ನನ್ನೇ ಕೇಳಿದರು. ನಾನು ತಲೆ ಬಗ್ಗಿಸಿದೆ ಅಷ್ಟೇ. ಆ ಹೊತ್ತಿಗೆ ನಿಜವಾದ ಮಾಲೀಕರು ಮೇಲಿನ ಮಹಡಿಯಿಂದ ಇಳಿದು ಬಂದರು. ಗಿರಾಕಿಗಳು ಕೈ ಮುಗಿದು, ನಿಮ್ಮ ತಂದೆಯವರು ಬಹಳ ಒಳ್ಳೆಯವರಿದ್ದರು ಎಂದರು.

ಮಾಲೀಕರು ನನ್ನನ್ನು ಬೈಯಲಿಲ್ಲ. ನನ್ನ ತೋಳು ಹಿಡಿದು ಹಿಂದಿನ ಗಲ್ಲಿಗೆ ತಾವೇ ಕರೆದೊಯ್ದರು. ಅಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಸರಿಮಾಡಿ ಮಾರುವ ಪುಟ್ಟ ಅಂಗಡಿ. ಚಿಕ್ಕದು, ಗಟ್ಟಿ ಮುಚ್ಚಳದ್ದು, ಕಪ್ಪನೆಯದು ಒಂದನ್ನು ತೆಗೆಸಿದರು. ನನ್ನ ಗಿರಾಕಿಯನ್ನು ತೆರೆದು ನೋಡಿದೆ. ಹೇಗಿದ್ದರೋ ಹಾಗೇ ಕಂಡರು. ಬೆಲೆ ಕೇಳಿದರೆ ಷೋರೂಮಿನ ಮಾಲೀಕರೇ ನನ್ನ ಪರವಾಗಿ ಚೌಕಾಸಿ ಮಾಡಿದರು. ಕೊನೆಗೆ ಅಂಗಡಿಯವನಿಗೆ ಹೇಳಿದರು: "ಈ ಮನುಷ್ಯ ಮತ್ತೆ ನನ್ನ ಕಡೆ ಬರಬಾರದು. ಅಂಥದ್ದು ಕೊಡು."

ಮಂಚದ ಪಕ್ಕ

ಡಿಸೈನನ್ನು ಮತ್ತೆ ಮೊದಲಿಂದ ಮಾಡಿದೆ. ಮುಗಿದ ಮಧ್ಯಾಹ್ನವೇ ಜೀಪು ಹತ್ತಿದೆ. ಎಸ್ಟೇಟಿನ ತಿರುವಿನಲ್ಲಿ ಲ್ಯಾಪ್‌ಟಾಪಿನ ಬ್ಯಾಗು ಜೀಪಿನಿಂದ ಹಾರಿ ಕಾಫಿ ಗಿಡದ ಬುಡಕ್ಕೆ ಬಿತ್ತು. ತೆರೆದೆ. ಅದೂ ಕಣ್ಣು ತೆರೆಯಿತು. ಸುಬೇದಾರರಿಗೆ ಹೇಳಬೇಕು ಅಂದುಕೊಂಡೆ.

ಅಜ್ಜ ಅರ್ಧಕ್ಕರ್ಧ ಆಗಿದ್ದರು. ಮಗಳು ಎರಡು ದಿಂಬು ಕೊಟ್ಟು ಕೂರಿಸಿದಳು. ಕರೆಂಟು ಇರಲಿಲ್ಲ. ಲ್ಯಾಪ್‌ಟಾಪನ್ನು ಅವರ ಕಂಬಳಿಯ ಮೇಲಿಟ್ಟೆ. ಬಹಳ ಹೊತ್ತು ನೋಡಿದರು. ಅಷ್ಟು ವರ್ಷ ಬ್ಯಾನರು ಮಾಡಿದ್ದರೂ ಅದರಲ್ಲಿರುವವರೇ ಕೂತು ನೋಡಿದ್ದು ಅದೇ ಮೊದಲು.

"ಇಷ್ಟು ಕರಿ ಇದ್ನಾ ನಾನು?"

"ಇದ್ರಿ ಅಜ್ಜ."

"ಸರಿ. ಇರ್ಲಿ."

ಸ್ವೆಟರು ಒಪ್ಪಿಗೆಯಾಯಿತು. ಕೆಳಗೆ ದುಃಖತಪ್ತರು ಎಂದು ಚಿಕ್ಕ ಫೋಟೋಗಳ ಸಾಲಿತ್ತಲ್ಲ, ಅದರಲ್ಲಿ ಒಬ್ಬ ನೆಂಟನ ಮೇಲೆ ಬೆರಳಿಟ್ಟು, ಇವನ ದುಃಖ ಫೋಟೋದಲ್ಲಿ ಮಾತ್ರ, ತೆಗಿ ಎಂದರು. ತೆಗೆದೆ. ನನ್ನ ಫೋಟೋವನ್ನೂ ಮೂಲೆಯಲ್ಲಿ ತೂರಿಸಿದ್ದೆ. ಅದರ ಮೇಲೂ ಬೆರಳು ನಿಂತಿತು. ಆಮೇಲೆ ಮುಂದೆ ಹೋಯಿತು.

ಹೋಗಿ ನಿಂತದ್ದು ಮರಣ ಎಂದಿರುವ ಕಡೆ. ಆ ಜಾಗ ಖಾಲಿ ಬಿಟ್ಟರೆ ಡಿಸೈನು ಒಂದು ಕಡೆ ವಾಲಿದಂತೆ ಕಾಣುತ್ತಿತ್ತು. ಅದಕ್ಕೆ ಸುಮ್ಮನೆ ಬರುವ ಬುಧವಾರದ ದಿನಾಂಕ ಹಾಕಿದ್ದೆ. ತೆಗೆಯಲು ಮರೆತಿದ್ದೆ. ಮಗಳು ಅದನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡು ಅಡಿಗೆಮನೆಗೆ ಹೋದಳು.

"ಬುಧವಾರನಾ?" ಎಂದರು ಅಜ್ಜ.

"ಸುಮ್ನೆ ಜಾಗಕ್ಕೆ ಹಾಕಿದ್ದು ಅಜ್ಜ. ತಪ್ಪಾಯ್ತು."

ಅವರು ಬೆರಳು ಮಡಚಿ ವಾರ ಎಣಿಸಿದರು.

"ಬುಧವಾರ ಬೇಡ ಮಾರಾಯ. ಕಾಫಿ ಪಿಕಿಂಗ್ ಜೋರಾಗಿದೆ. ಲೈನಿನೋರು ನನ್ನ ಮಣ್ಣಿಗೆ ಬಂದ್ರೆ ಅವ್ರ ಕೂಲಿ ಹೋಗುತ್ತೆ, ಬರದಿದ್ರೆ ನಂಗೆ ಬೇಜಾರು. ಭಾನುವಾರ ಹಾಕು."

ಹಾಕಿದೆ. ಬೇರೆ ಏನು ಮಾಡಬೇಕು ಎಂದು ತಿಳಿಯಲಿಲ್ಲ.

"ಸೇವ್ ಮಾಡಿದ್ಯಾ?"

"ಮಾಡಿದೆ."

"ಹಂಗಾದ್ರೆ ಆಯ್ತು" ಎಂದು ದಿಂಬಿಗೆ ಒರಗಿದರು.

ಭಾನುವಾರ ಬೆಳಿಗ್ಗೆ ಫೋನು ಬಂತು. ಮಗಳು. ಅಳುತ್ತಿದ್ದಳು, ಏನೂ ಹೇಳಬೇಕಾಗಿರಲಿಲ್ಲ. ಜೀವನವಿಡೀ ಹಲ್ಲು ಕಿರಿದವನು ನಾನು. ಆ ಹೊತ್ತಿನಲ್ಲಿ ಕಸುಬಿನ ಮಾತೇ ಬಾಯಿಗೆ ಬಂತು. ಬ್ಯಾನರಿನಲ್ಲಿ ಏನಾದರೂ ತಿದ್ದುವುದು ಇದೆಯೇನಮ್ಮ ಎಂದು ಕೇಳಿದೆ.

ಆ ಕಡೆ ಅಳು ನಿಂತಿತು. ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಏನೂ ಇಲ್ಲ ಅಣ್ಣ. ಹಂಗೇ ಪ್ರಿಂಟಿಗೆ ಕಳಿಸಿ."